ಸಿರಿಗೇರಿ ಕ್ರಾಸ್‌ವರೆಗೆ ಹಿಡಿದ ಸೀಟು

"ನಿಮ್ಮ ಸಬ್ಜೆಕ್ಟ್ ಯಾವುದು?" ಎಂದು ಯಾರಾದರೂ ಕೇಳಿದರೆ ನನಗೆ ಈಗ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ ಕೇಳುತ್ತಾರೆ, ಬ್ಯಾಂಕಿನಲ್ಲಿ ಕೇಳುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈ ಇಟ್ಟುಕೊಂಡೇ ಕೇಳಿದ್ದರು. ನನ್ನ ಸಬ್ಜೆಕ್ಟ್ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ. ಕಲ್ಲಿನ ಕೊಡಲಿ ಮಾಡುತ್ತಿದ್ದ ಜನ ಎಲ್ಲಿ ಒಡೆದರು, ಎಲ್ಲಿ ಉಜ್ಜಿದರು ಎಂದು ನೋಡುತ್ತ ಬಳ್ಳಾರಿ ಪಕ್ಕದ ಸಂಗನಕಲ್ಲಿನ ಬಂಡೆಗಳ ಮೇಲೆ ಬಿಸಿಲಲ್ಲಿ ಹರೆಯ ಕಳೆದವಳು ನಾನು. ಅದಕ್ಕೆ ಪಿಎಚ್.ಡಿ. ಕೊಟ್ಟರು. ಕೆಲಸ ಕೊಡಲಿಲ್ಲ.

ಕೆಲಸವೇ ಇರಲಿಲ್ಲ ಎಂದಲ್ಲ. ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಹಲವು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಖಾಯಂ ಉಪನ್ಯಾಸಕರಿಲ್ಲದ ಕಡೆ ನಮ್ಮಂಥವರನ್ನು ಹೀಗೆ ಹೆಸರಿಟ್ಟು ತುಂಬಿಸುತ್ತಾರೆ. ಎಲೆ ಮುಂದೆ ಕೂತು, ಅನ್ನ ಬಡಿಸುವ ಹೊತ್ತಿಗೆ ಏಳು ಅನ್ನಿಸಿಕೊಳ್ಳುವ ಅತಿಥಿಗಳು ನಾವು. ಪ್ರತಿ ವರ್ಷ ಹೊಸ ಅರ್ಜಿ, ಅರ್ಜಿ ಹಾಕಿದವರ ಪಟ್ಟಿಯಲ್ಲಿ ಹೊಸ ರ‍್ಯಾಂಕು, ಹೊಸ ಎದೆಬಡಿತ. ಖಾಯಂನವರು ಯಾರಾದರೂ ವರ್ಗವಾಗಿ ಬಂದರೆ ನಮ್ಮ ಪೀರಿಯಡ್ಡುಗಳೆಲ್ಲ ಅವರಿಗೆ, ನಾವು ಮನೆಗೆ. ವಾರಕ್ಕೆ ಇಷ್ಟು ಪೀರಿಯಡ್ ಇದ್ದರೆ ಪೂರ್ತಿ ಕೆಲಸ, ಅದಕ್ಕಿಂತ ಕಡಿಮೆಯಾದರೆ ಇದ್ದೂ ಇಲ್ಲದ ಹಾಗೆ.

ಅದಕ್ಕೇ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಸಂವಿಧಾನ, ಪರಿಸರ ಅಧ್ಯಯನದಂಥ ಪಾಠಗಳು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ. ಅವನ್ನು ಇಂಥ ವಿಭಾಗದವರೇ ಮಾಡಬೇಕು ಅಂತ ನಮ್ಮ ಕಾಲೇಜಿನಲ್ಲಿ ಯಾರೂ ಹಟ ಹಿಡಿಯುತ್ತಿರಲಿಲ್ಲ. ನಾವು ಅವನ್ನು 'ಊರ ದನ' ಅನ್ನುತ್ತಿದ್ದೆವು, ಯಾರ ಹೊಲದಲ್ಲಾದರೂ ಮೇಯುತ್ತವೆ. ವರ್ಷದ ಆರಂಭದಲ್ಲಿ ಅತಿಥಿಗಳೆಲ್ಲ ಸ್ಟಾಫ್ ರೂಮಿನಲ್ಲಿ ಕೂತು, ಯಾರಿಗೆ ಕಡಿಮೆ ಬಿದ್ದಿದೆ ನೋಡಿ, ಈ ಪೀರಿಯಡ್ಡುಗಳನ್ನು ಹಂಚಿಕೊಂಡು, ಆಮೇಲೆ ಪ್ರಿನ್ಸಿಪಾಲರಿಗೆ ಹೇಳುತ್ತಿದ್ದೆವು. ಯಾರೂ ಉಪವಾಸ ಬೀಳಬಾರದು ಅನ್ನುವುದೊಂದೇ ಲೆಕ್ಕ. ಜಗಳ ಆಗುತ್ತಿತ್ತು, ಚಹಾ ಬಂದ ಮೇಲೆ ಮುಗಿಯುತ್ತಿತ್ತು.

ಅವನ ಪರಿಚಯವಾದದ್ದು ಆ ಸ್ಟಾಫ್ ರೂಮಿನಲ್ಲೇ. ಸಿರಿಗೇರಿಯವನು, ನನಗಿಂತ ಬಹಳ ಚಿಕ್ಕವನು. ರಾಜ್ಯಶಾಸ್ತ್ರದ ಅತಿಥಿ. ಮೊದಲ ದಿನದಿಂದಲೇ ನನ್ನನ್ನು ಅಕ್ಕಾರ ಎಂದ. ನಾನು ತಮ್ಮ ಎಂದೆ. ನಾನಿರುವುದು ಬಳ್ಳಾರಿಯಲ್ಲಿ, ಬಸ್ಸು ಹೊರಡುವ ಜಾಗದಲ್ಲಿ. ಅವನು ಹತ್ತುವುದು ದಾರಿ ನಡುವೆ, ಸಿರಿಗೇರಿ ಕ್ರಾಸಿನಲ್ಲಿ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಪಕ್ಕದ ಸೀಟಿನ ಮೇಲೆ ನನ್ನ ಬ್ಯಾಗ್ ಇಟ್ಟು, ಕಂಡಕ್ಟರ್ "ಜರಗ್ರೀ, ಜರಗ್ರೀ" ಎಂದು ಕೂಗಿದರೂ ಕಿವಿ ಕೇಳದವಳಂತೆ ಕೂತು, ಕ್ರಾಸಿನವರೆಗೆ ಅವನ ಸೀಟು ಕಾಯುತ್ತಿದ್ದೆ. ಅದಕ್ಕಾಗಿ ಎಷ್ಟು ಜನರಿಂದ ಬೈಸಿಕೊಂಡಿದ್ದೇನೋ. ಅವನು ಹತ್ತಿ, ಬೆವರು ಒರೆಸಿಕೊಂಡು, ಪೇಪರಿನಲ್ಲಿ ಸುತ್ತಿದ ಮಿರ್ಚಿಯಲ್ಲಿ ಒಂದನ್ನು ನನಗೆ ಕೊಡುತ್ತಿದ್ದ.

ನನ್ನ ಡಿಗ್ರಿಯ ಹೆಸರು ನನ್ನನ್ನು ಹೇಗೆ ಕಾಡಿತು ಅಂತ ಅವನಿಗೆ ಗೊತ್ತಿತ್ತು. ಖಾಯಂ ಹುದ್ದೆಗೆ ಅರ್ಜಿ ಹಾಕಿದಾಗಲೆಲ್ಲ, 'ಪ್ರಾಚೀನ ಇತಿಹಾಸ' ಅಂದರೆ 'ಇತಿಹಾಸ' ಹೌದೋ ಅಲ್ಲವೋ ಅನ್ನುವ ತಕರಾರು. ಒಂದು ಕಡೆ ಹೌದು, ಇನ್ನೊಂದು ಕಡೆ ಅಲ್ಲ. ಒಂದು ದಿನ ಬಸ್ಸಿನಲ್ಲಿ ಅವನೇ ಹೇಳಿದ.

"ಅಕ್ಕಾರ, ಒಂದ ಕಾಲ ಮ್ಯಾಲೆ ಎಷ್ಟ ದಿನಾ ನಿಂದರ್ತೀರಿ? ರಾಜ್ಯಶಾಸ್ತ್ರದಾಗ ಇನ್ನೊಂದು ಎಂ.ಎ. ಮಾಡ್ಕೊಳ್ರಿ. ನಾ ಅದೀನಲ್ಲ, ಹೇಳಿಕೊಡ್ತೀನಿ."

ನಲವತ್ತು ದಾಟಿದ ಮೇಲೆ ಮತ್ತೆ ಪರೀಕ್ಷೆ ಅಂದರೆ ನನಗೆ ಅಳುವೇ ಬಂದಿತ್ತು. ಆದರೂ ಮಾಡಿದೆ. ಮನೆಯಲ್ಲಿದ್ದುಕೊಂಡೇ ಓದುವ ಎಂ.ಎ. ಎಂದು ಅದರ ಹೆಸರು. ನಾನು ಓದಿದ್ದು ಮಾತ್ರ ಪೂರ್ತಿ ಬಸ್ಸಿನಲ್ಲಿ. ಅವನು ಒಳ್ಳೆಯ ಮೇಷ್ಟ್ರು. ಸರ್ಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಅನ್ನುವ ಹದಿನಾರನೇ ವಿಧಿ ನನ್ನ ತಲೆಗೆ ಹತ್ತದಿದ್ದಾಗ, ಕಿಟಕಿಯ ಹೊರಗೆ ಕೈ ತೋರಿಸಿದ. ಸ್ಟಾಪಿನಲ್ಲಿ ನಿಂತವನೊಬ್ಬ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ.

"ನೋಡ್ರಿ. ಬಸ್ ಹತ್ತಾಕ ಎಲ್ಲಾರಿಗೂ ಹಕ್ಕೈತಿ. ಬಾಗಲಾ ಎಲ್ಲಾರಿಗೂ ಒಂದಾ. ಇವ ಕಿಟಕ್ಯಾಗಿಂದ ಟವಲ್ ಒಗದನಲ್ಲ, ಇದು ಹದಿನಾರನೇ ವಿಧಿ ಉಲ್ಲಂಘನಿ."

"ಹಂಗಾರ ನಾ ದಿನಾ ನಿನಗ ಬ್ಯಾಗ್ ಇಟ್ಟು ಸೀಟ್ ಹಿಡಿಯೋದು ಏನು?"

"ಅದು ವಿಶೇಷ ಅವಕಾಶ ಕಲ್ಪಿಸೋದ್ರಿ ಅಕ್ಕಾರ. ಅದಕ್ಕೂ ಅದೇ ವಿಧಿಯೊಳಗ ಜಾಗಾ ಐತಿ" ಎಂದು ನಕ್ಕ.

ಎಂ.ಎ. ಮುಗಿಯಿತು. ಆಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ, ರಾಜ್ಯಶಾಸ್ತ್ರದಲ್ಲಿ, ನಾವಿಬ್ಬರೂ ಕೂತೆವು. ನಾನು ಪಾಸಾದೆ. ಅವನಿಗೆ ಸ್ವಲ್ಪದರಲ್ಲಿ ತಪ್ಪಿತು. ಫಲಿತಾಂಶ ಬಂದ ದಿನ ಕ್ರಾಸಿನಲ್ಲಿ ಹತ್ತಿದವನು ಸೀಟಿನಲ್ಲಿ ಕೂತು, "ಗುರುವಿಗೇ ತಿರುಮಂತ್ರ ಹಾಕಿದ್ರಲ್ರಿ ಅಕ್ಕಾರ" ಎಂದ. ಆ ದಿನವೂ ಮಿರ್ಚಿ ತಂದಿದ್ದ. ನಾನೂ ನಕ್ಕೆ. ಆಗ ಅದು ನಗುವ ಮಾತೇ ಆಗಿತ್ತು.

ಈ ವರ್ಷ ಇತಿಹಾಸಕ್ಕೆ ಖಾಯಂನವರು ವರ್ಗವಾಗಿ ಬಂದರು. ಒಳ್ಳೆಯ ಮನುಷ್ಯ. ಬಂದವರೇ ನನ್ನ ಕುರ್ಚಿ ಯಾವುದೆಂದು ಕೇಳಿ, ಬೇರೆ ಕುರ್ಚಿಯಲ್ಲಿ ಕೂತರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಇತಿಹಾಸದಲ್ಲಿ ನನಗೆ ಒಂದು ಪೀರಿಯಡ್ಡೂ ಉಳಿಯಲಿಲ್ಲ. ಹೊಸ ರ‍್ಯಾಂಕು ಬರಲು ಇನ್ನೂ ಸಮಯವಿತ್ತು. ಅಷ್ಟರಲ್ಲಿ ಬೇರೆ ಎಲ್ಲಾದರೂ ಸಿಕ್ಕರೆ ಸಾಕು, ಅವನ ವಿಷಯಕ್ಕೆ ಕೈ ಹಾಕುವುದು ಬೇಡ ಎಂದು ಊರೂರು ತಿರುಗಿದೆ.

ಕುರುಗೋಡು ನನ್ನ ತವರು. ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಸಂದರ್ಶನಕ್ಕೆ ಕರೆದರು. ಆಡಳಿತ ಮಂಡಳಿಯ ಹಿರಿಯರೊಬ್ಬರಿಗೆ ನನ್ನ ಗುರುತು ಹತ್ತಿತು. ಅಪ್ಪನನ್ನು ನೆನೆದರು, ಚಹಾ ತರಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು. ಇಷ್ಟು ಮರ್ಯಾದೆ ನೋಡಿದಾಗಲೇ ಕೆಲಸ ಸಿಗುವುದಿಲ್ಲ ಅಂತ ನನಗೆ ಗೊತ್ತಾಯಿತು.

"ನಿನ್ನ ಸಬ್ಜೆಕ್ಟ್ ಯಾವುದವಾ?"

ಹೇಳಿದೆ.

"ಅಂದ್ರ ಹಿಸ್ಟರಿ ಅಲ್ಲ."

"ಹಿಸ್ಟರೀನ ಸರ್. ಸ್ವಲ್ಪ ಹಳೇದು."

ಅವರು ನಗಲಿಲ್ಲ. "ಹಿಸ್ಟರಿಗೆ ನಮ್ಮಲ್ಲಿ ಮಂದಿ ಅದಾರ. ಲೈಬ್ರರಿ ನೋಡ್ಕೋತಿ ಏನವಾ? ಜೊತೀಗೆ ಇಂಗ್ಲಿಷ್ ಕ್ಲಾಸ್ ತಗೋ. ಪಿಎಚ್.ಡಿ. ಮಾಡೀ ಅಂದಮ್ಯಾಲೆ ಇಂಗ್ಲಿಷ್ ಬಂದಾ ಬರತೈತಿ."

ಗ್ರಂಥಪಾಲಕಿಯಾಗಲು ಬೇರೆಯೇ ಓದು ಬೇಕು, ಇಂಗ್ಲಿಷ್ ಕಲಿಸಲು ಇಂಗ್ಲಿಷ್ ಓದಿದವರು ಬೇಕು ಎಂದು ಹೇಳಬೇಕೆನ್ನಿಸಿತು. ಹೇಳಿದರೆ ನನಗೇ ಸೊಕ್ಕು ಅನ್ನುತ್ತಾರೆ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಎದುರಿಗೆ ಕುರುಗೋಡಿನ ಗುಡ್ಡ ಕಾಣುತ್ತಿತ್ತು. ಚಿಕ್ಕವಳಿದ್ದಾಗ ಆ ಗುಡ್ಡದಲ್ಲಿ ಚೂಪು ಕಲ್ಲು ಹೆಕ್ಕಿ ತಂದು ಅವ್ವನಿಂದ ಬೈಸಿಕೊಳ್ಳುತ್ತಿದ್ದೆ. ಅವತ್ತೇ ಅವಳ ಮಾತು ಕೇಳಬೇಕಿತ್ತು.

ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮ ಕಲಿಸಲು ಜನ ಬೇಕಾಗಿದ್ದರು. ನನ್ನನ್ನು ಹಲಗೆಯ ಮುಂದೆ ನಿಲ್ಲಿಸಿ, ಮೂವರು ಹಿರಿಯರು ವಿದ್ಯಾರ್ಥಿಗಳಂತೆ ಬೆಂಚಿನಲ್ಲಿ ಕೂತು, ಪಾಠ ಮಾಡಿ ತೋರಿಸಿ ಎಂದರು. ನಾನು ಸಂಗನಕಲ್ಲಿನಿಂದ ಶುರು ಮಾಡಿದೆ. ಒಬ್ಬರು ಫೋನ್ ನೋಡುತ್ತಿದ್ದರು, ನಿಜವಾದ ವಿದ್ಯಾರ್ಥಿಯಂತೆಯೇ. ಕೊನೆಗೆ ಅವರೇ ತಲೆ ಎತ್ತಿ, "ಹೋಟೆಲ್ ಬುಕಿಂಗ್ ಬಗ್ಗೆ ಏನೂ ಹೇಳಲಿಲ್ಲ" ಎಂದರು. ಮತ್ತೊಂದು ಕಡೆ ಪತ್ರಿಕೋದ್ಯಮ ಕೇಳಿದರು. ಬಿ.ಎಡ್. ಕಾಲೇಜಿನಲ್ಲಿ ನನಗೆ ಬಿ.ಎಡ್. ಇಲ್ಲ ಎಂದರು. ಎಲ್ಲ ಕಡೆಯೂ ನನ್ನ ಓದು ಒಂದೋ ಹೆಚ್ಚು, ಇಲ್ಲವೇ ಪಕ್ಕಕ್ಕೆ.

ನನ್ನ ಗಂಡ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಡೆಸುತ್ತಾರೆ. ಒಂದು ಸಂಜೆ ನನ್ನ ಮುಖ ನೋಡಿ ಹೇಳಿದರು.

"ನಮ್ಮಲ್ಲಿ ಜಿಪ್ ಹಚ್ಚಾವ ಬರಲಿಲ್ಲಂದ್ರ ಬಟನ್ ಹಾಕಾವ ಜಿಪ್ ಹಚ್ತಾನ. ಪ್ಯಾಂಟ್ ಅಂತೂ ಆಗ್ತೈತಿ. ನಿಮ್ಮಲ್ಲಿ ಯಾಕ ಹಿಂಗ?"

"ನಮ್ಮಲ್ಲಿ ಪ್ಯಾಂಟ್ ಆಗೋದು ಯಾರಿಗೂ ಬೇಕಾಗಿಲ್ರಿ" ಎಂದೆ.

ಅವರು ನಕ್ಕರು. ಆಮೇಲೆ, "ಸಿರುಗುಪ್ಪದಾಗ ರಾಜ್ಯಶಾಸ್ತ್ರ ಐತಲ್ಲ ನಿನ್ನ ಕೈಯಾಗ" ಎಂದರು. ಇದ್ದಿದ್ದು ಅದೊಂದೇ. ನನಗೂ ಗೊತ್ತಿತ್ತು. ಈ ವರ್ಷ ಹೊರಗೆ ಬಿದ್ದರೆ ಮತ್ತೆ ಒಳಗೆ ಬರುವುದು ನನ್ನ ವಯಸ್ಸಿಗೆ ಆಗದ ಮಾತು. ರಾಜ್ಯಶಾಸ್ತ್ರಕ್ಕೇ ಅರ್ಜಿ ಹಾಕಿದೆ.

ರ‍್ಯಾಂಕು ಬಂತು. ರಾಜ್ಯಶಾಸ್ತ್ರದಲ್ಲಿ ಅರ್ಹತಾ ಪರೀಕ್ಷೆ ಪಾಸಾದವರು ಮೇಲೆ, ಉಳಿದವರು ಕೆಳಗೆ. ನಾನು ಅವನಿಗಿಂತ ಮೇಲೆ. ಸ್ಟಾಫ್ ರೂಮಿನಲ್ಲಿ ಎಂದಿನಂತೆ ಹಂಚಿಕೊಳ್ಳಲು ಕೂತೆವು. ಹಂಚಿಕೊಳ್ಳಲು ಏನಿತ್ತು? ರಾಜ್ಯಶಾಸ್ತ್ರ, ಸಂವಿಧಾನ ಎರಡೂ ಸೇರಿದರೆ ಒಬ್ಬರ ಹೊಟ್ಟೆ ತುಂಬುವಷ್ಟು. ಇಬ್ಬರಿಗೆ ಹರಿದರೆ ಇಬ್ಬರೂ ಇದ್ದೂ ಇಲ್ಲದವರು. ಎಲ್ಲರೂ ಚಹಾದ ಲೋಟ ನೋಡುತ್ತಿದ್ದರು. ಅವನಿಗೆ ಆಗಷ್ಟೇ ಹೆಣ್ಣು ಗೊತ್ತಾಗಿತ್ತು. "ಲೆಕ್ಚರರ್ ಅಂತ ಹೇಳೇನ್ರಿ ಅಕ್ಕಾರ, ಅತಿಥಿ ಅನ್ನೋದು ಹೇಳಿಲ್ಲ" ಎಂದು ಹೋದ ತಿಂಗಳಷ್ಟೇ ಬಸ್ಸಿನಲ್ಲಿ ತಮಾಷೆ ಮಾಡಿದ್ದ.

ಇಲ್ಲಿ ನಾನು ಎದ್ದು ನಿಂತು ಬಿಟ್ಟುಕೊಟ್ಟೆ ಎಂದು ಬರೆದರೆ ಓದಲು ಚಂದ. ನಾನು ಏಳಲಿಲ್ಲ. ತಪ್ಪು ಮಾಡಿದೆ ಅಂತಲೂ ನನಗೆ ಅನ್ನಿಸುವುದಿಲ್ಲ. ಅವನಿಗೆ ಬೇಕಾದಷ್ಟೇ ನನಗೂ ಆ ಪಾಠ ಬೇಕಿತ್ತು. ದುಃಖವಾಯಿತು, ಬಹಳ ದುಃಖವಾಯಿತು, ಆದರೆ ಕೂತಲ್ಲೇ ಕೂತಿದ್ದೆ. ಕೊನೆಗೆ ಹೇಳಿದವನು ಅವನೇ.

"ಅಕ್ಕಾರ ಹೆಸರ ಬರೀರಿ. ರ‍್ಯಾಂಕ್ ಅವರದೈತಿ."

ಬರೆದರು. ಥ್ಯಾಂಕ್ಸ್ ಅಂತ ಯಾವ ಬಾಯಲ್ಲಿ ಹೇಳುವುದು?

ತರಗತಿ ಶುರುವಾದ ದಿನ ಬಸ್ಸಿನಲ್ಲಿ ಕೂತವಳು, ಬ್ಯಾಗನ್ನು ಪಕ್ಕದ ಸೀಟಿನ ಮೇಲಿಟ್ಟೆ. ಇಟ್ಟ ಮೇಲೆ ನೆನಪಾಯಿತು, ಅವನಿಗೆ ಇನ್ನು ಆ ಕಾಲೇಜಿನಲ್ಲಿ ಕೆಲಸವಿಲ್ಲ. ತೆಗೆಯಲು ಮನಸ್ಸಾಗಲಿಲ್ಲ. ಬುಟ್ಟಿ ಹೊತ್ತ ಹೆಂಗಸೊಬ್ಬಳು, "ಇಲ್ಯಾರು ಬರ್ತಾರ ಯಕ್ಕಾ?" ಎಂದು ಕೇಳಿದಳು. ಬರುತ್ತಾರೆ ಎಂದೆ. ಅವಳು ತೆಲುಗಿನಲ್ಲಿ ನನಗೆ ಕೇಳುವ ಹಾಗೆ ಏನೋ ಬೈದುಕೊಂಡು ಮುಂದೆ ಹೋದಳು. ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ.

ಸಿರಿಗೇರಿ ಕ್ರಾಸಿನಲ್ಲಿ ಅವನು ನಿಂತಿದ್ದ. ಹತ್ತಿದ, ನನ್ನನ್ನು ನೋಡಿದ, ಒಂದು ಗಳಿಗೆ ತಡೆದ. ನಾನು ಬ್ಯಾಗ್ ಎತ್ತಿಕೊಂಡೆ. ಬಂದು ಕೂತ.

"ಎಲ್ಲಿಗೆ ತಮ್ಮಾ?"

"ಸಿರುಗುಪ್ಪಕ್ಕಾ ರೀ. ಒಂದು ಇಂಗ್ಲಿಷ್ ಮೀಡಿಯಂ ಸಾಲ್ಯಾಗ ಸಿಕ್ಕೈತಿ. ಸಮಾಜ ವಿಜ್ಞಾನ. ಜೊತೀಗೆ ಪಿ.ಟಿ.ನೂ ನಾನಾ." ಅಂಗಿಯ ಜೇಬಿನಿಂದ ಒಂದು ವಿಸಿಲ್ ತೆಗೆದು ತೋರಿಸಿದ. ದಾರ ಇನ್ನೂ ಹೊಸದಾಗಿತ್ತು. ಹೆಣ್ಣಿನ ಕಡೆಯವರು ಏನಂದರು ಎಂದು ನಾನು ಕೇಳಲಿಲ್ಲ.

ಗದ್ದೆಗಳು ದಾಟಿ, ಅಕ್ಕಿ ಮಿಲ್ಲುಗಳ ತೌಡಿನ ವಾಸನೆ ಬಂದಾಗ ಅವನೇ ಕೇಳಿದ.

"ಸಂವಿಧಾನ ಎಲ್ಲಿಂದ ಶುರು ಮಾಡ್ತೀರಿ ಅಕ್ಕಾರ?"

"ಪ್ರಸ್ತಾವನೆಯಿಂದ."

"ಬ್ಯಾಡ್ರಿ. ಹುಡುಗ್ರು ನಿದ್ದಿ ಹೊಡೀತಾವ. ಟವಲ್‌ನಿಂದ ಶುರು ಮಾಡ್ರಿ. ಬಸ್ಸಿನ್ಯಾಗ ಬರೋ ಹುಡುಗ್ರವು, ಲಗೂನ ತಿಳೀತೈತಿ."

ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅವನು ಬಲಕ್ಕೆ ಹೋದ, ನಾನು ಎಡಕ್ಕೆ.

ಟವೆಲ್ಲಿನಿಂದಲೇ ಶುರು ಮಾಡಿದೆ. ಬಸ್ಸಿನ ಬಾಗಿಲು ಎಲ್ಲರಿಗೂ ಒಂದೇ ಎಂದೆ, ಕಿಟಕಿಯಿಂದ ಟವೆಲ್ ಎಸೆಯುವವನ ಕಥೆ ಹೇಳಿದೆ. ಅವನು ಹೇಳಿದ ಹಾಗೆಯೇ ಹುಡುಗರು ನಕ್ಕರು, ಯಾರೂ ತೂಕಡಿಸಲಿಲ್ಲ. ರಾರಾವಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. ನಮ್ಮ ಮಕ್ಕಳು ಸಾಮಾನ್ಯವಾಗಿ ಪ್ರಶ್ನೆ ಕೇಳುವುದಿಲ್ಲ. ನಾವು ಹೇಳಿದ್ದನ್ನೆಲ್ಲ ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ, ಕೆಮ್ಮಿದರೆ ಕೆಮ್ಮನ್ನೂ.

"ಮೇಡಂ, ಎಲ್ಲಾರೂ ಬಾಗಲದಾಗಿಂದಾನ ಹತ್ತಿದ್ರು, ಟವಲ್ ಯಾರೂ ಒಗೀಲಿಲ್ಲ. ಆದ್ರೂ ಸೀಟ್ ಒಂದಾ ಇತ್ತು ಅಂದ್ರ? ನಿಂತವರು ಏನ್ ಮಾಡಬೇಕ್ರಿ?"

ಅವನಿದ್ದಿದ್ದರೆ ಏನಾದರೊಂದು ವಿಧಿ ಹೇಳಿ ನಗಿಸುತ್ತಿದ್ದ. ನಾನು ಕುರ್ಚಿ ಎಳೆದುಕೊಂಡು ಕೂತೆ.

"ನಿಂತವರು ನಿಂತಾ ಇರ್ತಾರವ್ವಾ" ಎಂದೆ.

ಹುಡುಗಿ ಕೂತಳು. ಅದನ್ನೂ ಬರೆದುಕೊಂಡಳು.