ಚರ್ಚಿನ ಅಟ್ಟದ ದೇವದೂತೆಯರು

ನಾನು ಕಡೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಚರ್ಚುಗಳ ಹುಚ್ಚು ನನಗೆ ಹತ್ತಿದ್ದು ಬೀರೂರಿನಲ್ಲಿ, ಜೊತೆಯ ಟೀಚರೊಬ್ಬರ ಮಗಳ ಮದುವೆಗೆ ಹೋದಾಗ. ಹುಡುಗಿ ಬಿಳಿ ಸೀರೆಯುಟ್ಟು ಬೆಂಚುಗಳ ನಡುವಿನ ದಾರಿಯಲ್ಲಿ ಬರುತ್ತಿದ್ದಳು. ಕಿಟಕಿಯ ಬಣ್ಣದ ಗಾಜಿನಿಂದ ಇಳಿದ ಬಿಸಿಲು ಒಂದು ಹೆಜ್ಜೆಗೆ ಅವಳ ಸೆರಗನ್ನು ಕೆಂಪು ಮಾಡಿತು, ಮುಂದಿನ ಹೆಜ್ಜೆಗೆ ನೀಲಿ. ಫಾದರ್ ಏನು ಓದಿದರೋ ನನಗೆ ನೆನಪಿಲ್ಲ. ನಮ್ಮ ಗುಡಿಗಳಲ್ಲಿ ಒಳಗೆ ಹೋದಷ್ಟೂ ಕತ್ತಲು, ದೇವರ ಹತ್ತಿರ ಮಾತ್ರ ಒಂದು ದೀಪ. ಇಲ್ಲಿ ಬೆಳಕನ್ನೇ ಮನೆಗೆ ಕರೆದು ಕೂರಿಸಿದ್ದಾರಲ್ಲ ಅನ್ನಿಸಿತು.

ಆಮೇಲೆ ಭಾನುವಾರ ಬಂತೆಂದರೆ ಹೊರಡುವುದೇ ಆಯಿತು. ಯಜಮಾನರು ಗೊಣಗುತ್ತ ಬೈಕ್ ತೆಗೆಯುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕಮಾನು, ಕಂಬ, ಬಲಿಪೀಠದ ಹೂಬಳ್ಳಿ ಬರೆಯುತ್ತಿದ್ದರೆ, ಅವರು ಹೊರಗೆ ಮರದ ನೆರಳಲ್ಲಿ ಪೇಪರ್ ಓದುತ್ತಿದ್ದರು.

ಅಜ್ಜಂಪುರ ದಾಟಿ ತರೀಕೆರೆ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಹಳೆಯದೊಂದು ಚರ್ಚಿತ್ತು. ಊರಿನ ಹೆಸರು ಬೇಡ. ದಪ್ಪ ಮಣ್ಣಿನ ಗೋಡೆ, ಮೇಲೆ ಗಾರೆ, ಕೆಂಪು ಹೆಂಚು. ಬಾಗಿಲಿನ ಮೇಲ್ಗಡೆ, ಒಳಗೆ, ಹಾಡುವವರು ನಿಲ್ಲಲಿಕ್ಕೆಂದು ಮರದ ಅಟ್ಟ ಮಾಡಿದ್ದರು. ಅದರ ಕಟಕಟೆಯ ಹಲಗೆಗಳ ಮೇಲೆ ಬಣ್ಣದಲ್ಲಿ ಬರೆದ ದೇವದೂತೆಯರ ಸಾಲು. ಅಂಥವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಉದ್ದ ಜಡೆ, ಜಡೆಗೆ ಕನಕಾಂಬರ, ಉದ್ದ ಲಂಗ. ಒಬ್ಬಳ ಕೈಯಲ್ಲಿ ತಾಳ, ಒಬ್ಬಳ ಕೈಯಲ್ಲಿ ತಂಬೂರಿ, ನಡುವಿನವಳ ತೊಡೆಯ ಮೇಲೆ ವೀಣೆ. ರೆಕ್ಕೆ ಮಾತ್ರ ಕೊಕ್ಕರೆಯದು. ಕೈಕಾಲಿನ ಅಳತೆಯೆಲ್ಲ ತಪ್ಪು, ಆದರೆ ಮುಖಗಳು ಜೀವಂತ. ಈಗಷ್ಟೇ ನೀರು ಸೇದಿ ಬಂದು ನಿಂತ ಹುಡುಗಿಯರ ಹಾಗೆ.

ಚರ್ಚು ನೋಡಿಕೊಳ್ಳುತ್ತಿದ್ದದ್ದು ಒಬ್ಬಂಟಿ ಅಜ್ಜಿ. ತರೀಕೆರೆಯಲ್ಲಿರುವ ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಮಾಡುತ್ತಿದ್ದರು. ಉಳಿದ ದಿನ ಬೀಗ, ಕಸಪೊರಕೆ, ಗಂಟೆ ಎಲ್ಲ ಅಜ್ಜಿಯದೇ.

"ಇವೆಲ್ಲ ನಮ್ಮಪ್ಪ ಬರ್ದಿದ್ದು ಮೇಡಂ," ಅಂದರು ಮೊದಲ ದಿನವೇ. "ವೀಣೆ ಹಿಡ್ಕೊಂಡವ್ಳಲ್ಲ, ಅವ್ಳು ನಮ್ಮಕ್ಕ. ಮದ್ವೆಗೆ ಮುಂಚೇನೇ ಹೋಗ್ಬಿಟ್ಲು. ಅವ್ಳದ್ದು ಒಂದು ಫೋಟೋನೂ ಇಲ್ಲ."

ಎರಡನೇ ಸಲ ಹೋದಾಗ ಅಟ್ಟದ ಕೆಳಗೇ ಕೂತು ಬರೆಯುತ್ತಿದ್ದೆ. ಹಾಳೆಯ ಮೇಲೆ ಕಂದು ಬಣ್ಣದ ಪುಡಿ ಬಿತ್ತು. ಊದಿದೆ. ಮತ್ತೆ ಬಿತ್ತು, ಜರಡಿ ಹಿಡಿದ ರಾಗಿ ಹಿಟ್ಟಿನ ಹಾಗೆ ನುಣ್ಣಗೆ. ಯಜಮಾನರನ್ನು ಕರೆದೆ. ಅವರು ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, ಮೇಲೆ ನೋಡಿದರು.

"ಕುಟ್ಟೆ ಹುಳ ಹಿಡ್ದಿದೆ ಕಣೇ. ತೊಲೆ ಒಳಗಿಂದ ಪೊಳ್ಳಾಗ್ತಿದೆ. ನೀನು ಆ ಕಡೆ ಹೋಗಿ ಕೂತ್ಕೋ."

ಅಜ್ಜಿಗೆ ಹೇಳಿದರೆ ನಕ್ಕುಬಿಟ್ಟರು. "ಹಳೇ ಮರ ಅಂದ್ಮೇಲೆ ಒಂಚೂರು ಪುಡಿ ಉದುರಲ್ವಾ? ಅದಕ್ಕೇನಾಗುತ್ತೆ?"

ಮುಂದಿನ ಸಲ ಬೆಳಿಗ್ಗೆ ಬೇಗನೆ ಹೋಗಿಬಿಟ್ಟೆವು. ಬಾಗಿಲು ಅರೆತೆರೆದಿತ್ತು. ಅಜ್ಜಿ ಅಟ್ಟದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಪುಡಿಯನ್ನೆಲ್ಲ ಕೈಯಲ್ಲೇ ಬಳಿದು ಸೆರಗಿಗೆ ತುಂಬಿಕೊಳ್ಳುತ್ತಿದ್ದರು. ಒಂಚೂರಲ್ಲ, ಸೆರಗಿನ ಗಂಟು ಜೋಲುವಷ್ಟು. ನಮ್ಮನ್ನು ಕಂಡವರೇ ಗಂಟನ್ನು ಬೆನ್ನ ಹಿಂದೆ ಸರಿಸಿದರು. ಆಗಲೇ ನನಗೆ ಮೊದಲ ಸಲ ಸದ್ದು ಕೇಳಿಸಿತು. ಮೇಲೆಲ್ಲೋ, ಹಲ್ಲು ಕಡಿದ ಹಾಗೆ, ಕಟ್... ಕಟ್... ನಿಂತಿತು. ತಲೆಯೆತ್ತಿದರೆ, ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಕಡೆ ಗಾರೆ ಬಿಟ್ಟುಕೊಂಡಿತ್ತು. ದೇವದೂತೆಯರ ಸಾಲು ಸ್ವಲ್ಪ ಮುಂದಕ್ಕೆ ಬಾಗಿ ನಮ್ಮನ್ನೇ ನೋಡುತ್ತಿದ್ದ ಹಾಗಿತ್ತು.

"ಫಾದರ್‌ಗೆ ಹೇಳ್ಬೇಡಿ ಮೇಡಂ," ಅಜ್ಜಿ ನನ್ನ ಕೈ ಹಿಡಿದರು. ಆ ಕೈಗೂ ಪುಡಿ ಮೆತ್ತಿತ್ತು. "ಹೇಳಿದ್ರೆ ಕಿತ್ತಾಕ್ತಾರೆ. ನಾನಿರೋ ತನಕ ಇರ್ಲಿ. ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಲಿ."

"ಅಜ್ಜಿ, ಮಾತೆಯ ಹಬ್ಬ ಬಂತಲ್ಲ. ಹಾಡೋ ಮಕ್ಕಳೆಲ್ಲ ಅದರ ಮೇಲೇ ನಿಲ್ತಾರಲ್ವಾ?"

ಅವರು ನನ್ನ ಕೈ ಬಿಟ್ಟರು.

ಅಲ್ಲಿಂದ ನೇರ ತರೀಕೆರೆಗೆ ಹೋದೆವು. ಫಾದರ್ ಇನ್ನೂ ಚಿಕ್ಕ ವಯಸ್ಸಿನವರು. ಪೂರ್ತಿ ಕೇಳಿಸಿಕೊಂಡು, "ನಾನು ಹೋದಾಗೆಲ್ಲ ಅಲ್ಲಿ ನೆಲ ಕನ್ನಡಿ ಹಾಗಿರುತ್ತಲ್ಲ" ಅಂದರು. ಆಮೇಲೆ ಅವರಿಗೇ ಅರ್ಥವಾಯಿತು.

ಹಬ್ಬಕ್ಕೆ ನಮ್ಮನ್ನೂ ಕರೆದಿದ್ದರು. ಅಟ್ಟದ ಮೆಟ್ಟಿಲಿಗೆ ಬೀಗ ಬಿದ್ದಿತ್ತು. ಹಾಡುವ ಮಕ್ಕಳು ಬಲಿಪೀಠದ ಪಕ್ಕ ನಿಂತಿದ್ದರು. ಅಟ್ಟದ ಕೆಳಗಿನ ಬೆಂಚುಗಳನ್ನು ತೆಗೆಸಿ ಹಗ್ಗ ಕಟ್ಟಿಸಿದ್ದರು. ಆದರೆ ಪೂಜೆಯ ನಡುವೆ ಮಳೆ ಹೊಡೆಯಿತು. ಹೊರಗೆ ಶಾಮಿಯಾನದಲ್ಲಿದ್ದ ಜನ ಹಗ್ಗ ಎತ್ತಿ, ನುಸುಳಿ, ಕೂಸುಗಳನ್ನು ಎತ್ತಿಕೊಂಡು ಒಳಗೆ ಬಂದು ಅಲ್ಲೇ ನಿಂತುಬಿಟ್ಟರು. ಫಾದರ್ ಮೈಕಿನಲ್ಲಿ "ಮುಂದೆ ಬನ್ನಿ, ಎಲ್ಲರೂ ಮುಂದೆ ಬನ್ನಿ" ಅಂದರು. ಮುಂದೆ ಜಾಗ ಎಲ್ಲಿತ್ತು? ಹಾಡಿನ ಜೊತೆಗಿದ್ದ ಡೋಲಿನ ಪೆಟ್ಟಿಗೊಂದು ಸಲ ಆ ಜನರ ಒದ್ದೆ ತಲೆಗಳ ಮೇಲೆ ಪುಡಿ ಇಳಿಯುತ್ತಿತ್ತು. ಒಬ್ಬ ತಾಯಿ ಮಗುವಿನ ಹಣೆಯಿಂದ ಅದನ್ನು ಒರೆಸಿದಳು, ಮತ್ತೆ ಒರೆಸಿದಳು, ಮೇಲೆ ನೋಡಲಿಲ್ಲ. ನಾನು ಅಜ್ಜಿಯ ಕಡೆ ನೋಡಿದೆ. ಕಣ್ಣು ಮುಚ್ಚಿ ಜಪಸರ ಎಣಿಸುತ್ತಿದ್ದರು, ತುಟಿ ಬಿಳಚಿಕೊಂಡಿತ್ತು.

ಏನೂ ಆಗಲಿಲ್ಲ. ಪೂಜೆ ಮುಗಿಯಿತು, ಊಟ ಆಯಿತು. "ಏನೋ ಬೀಳುತ್ತೆ ಅಂತ ಹೆದರಿಸಿದ್ರಲ್ಲ, ಎಲ್ಲಿ ಬಿತ್ತು?" ಅಂತ ಒಬ್ಬರು ಎಲೆ ಮುಂದೆ ಕೂತು ನಗೆಯಾಡಿದರು. ಅಟ್ಟ ಕೆಡವಲು ಬಡಗಿಗಳನ್ನು ಗೊತ್ತು ಮಾಡಿದ್ದೇನೆಂದು ಫಾದರ್ ಅಜ್ಜಿಗೆ ಹೇಳಿದ್ದು ಅದೇ ಸಂಜೆ. ಹಲಗೆಗಳನ್ನು ಜೋಪಾನವಾಗಿ ಇಳಿಸುತ್ತೇವೆ ಅಂತಲೂ ಹೇಳಿದರಂತೆ. ಅಜ್ಜಿ ನಂಬಲಿಲ್ಲ.

ಅದೇ ವಾರ ನಾನು ಕ್ಲಾಸಿನಲ್ಲಿದ್ದಾಗ ಫಾದರ್ ಫೋನ್ ಬಂತು. ಮಧ್ಯಾಹ್ನ ಅಟ್ಟ ಕುಸಿದಿತ್ತು. ಅಜ್ಜಿ ಅದರ ಮೇಲಿದ್ದರು. ಬೀಗದ ಇನ್ನೊಂದು ಕೀಲಿ ಅವರ ಹತ್ತಿರ ಇತ್ತು. ಅಕ್ಕನ ಹಲಗೆಯನ್ನು ತಾವೇ ಬಿಚ್ಚಿ ಇಳಿಸಲು ಕತ್ತಿ ಹಿಡಿದು ಹತ್ತಿದ್ದರು. ಅಕ್ಕಪಕ್ಕದವರು ಸದ್ದು ಕೇಳಿ ಓಡಿ ಬಂದಾಗ, ಧೂಳಿನಲ್ಲಿ ಒಳಗೆ ಏನೂ ಕಾಣುತ್ತಿರಲಿಲ್ಲವಂತೆ.

ಜೀವ ಉಳಿಯಿತು. ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದ ಆಸ್ಪತ್ರೆಗೆ ನಾವು ನೋಡಲು ಹೋದೆವು. ನಾನು ಕಿತ್ತಳೆ ಹಣ್ಣು ಸುಲಿದು ಕೊಟ್ಟೆ, ತಿಂದರು. ಅರ್ಧ ತಿಂದು, ನನ್ನ ಮುಖ ನೋಡದೆ ಹೇಳಿದರು:

"ನೀವು ಹೇಳ್ದೇ ಇದ್ದಿದ್ರೆ ನಾನು ಹತ್ತುತ್ತಿರ್ಲಿಲ್ಲ ಮೇಡಂ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹೊರಗೆ ಮಳೆ ಬರ್ತಿದೆ ಅನ್ನುವ ಹಾಗೆ ಹೇಳಿದರು. ಹಬ್ಬದ ದಿನ ಕೆಳಗೆ ನಿಂತವರ ಮಾತೆತ್ತಬೇಕು ಅನ್ನಿಸಿತು. ಎತ್ತಲಿಲ್ಲ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ವಾಪಸು ಬರುವಾಗ ತರೀಕೆರೆಯಲ್ಲಿ ಟೀಗೆ ನಿಲ್ಲಿಸಿದರು ಯಜಮಾನರು. "ಹೇಳ್ಲೇಬೇಕಿತ್ತು ಕಣೇ," ಅಂದರು. "ಹೂಂ," ಅಂದೆ.

ಅಜ್ಜಿ ಮತ್ತೆ ಊರಿಗೆ ಬರಲಿಲ್ಲ. ಭದ್ರಾವತಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ಹಲಗೆಗಳಲ್ಲಿ ಬಹಳಷ್ಟು ಪುಡಿಯಾದವು. ಉಳಿದದ್ದನ್ನು ಗುರುತು ಹಿಡಿಯುವ ಹಾಗಿರಲಿಲ್ಲ.

ಚರ್ಚಿನ ರಿಪೇರಿ ಮುಗಿದ ಮೇಲೆ ಒಂದು ಸಂಜೆ ಹೋಗಿದ್ದೆವು. ಅಟ್ಟ ಇದ್ದ ಜಾಗದಲ್ಲಿ ಈಗ ಬರೀ ಬಿಳಿ ಗೋಡೆ. ಕಟಕಟೆಯ ಹಲಗೆಗಳು ಅಷ್ಟು ವರ್ಷ ಮರೆ ಮಾಡಿದ್ದ ಒಂದು ದುಂಡು ಕಿಟಕಿ ಅದರಲ್ಲಿ ಕಾಣಿಸಿಕೊಂಡಿತ್ತು. ಕಡುಗೆಂಪು ಗಾಜಿನ ಎಸಳುಗಳು, ನಡುವೆ ಹಳದಿ. ಮುಳುಗುವ ಸೂರ್ಯ ಸರಿಯಾಗಿ ಅದರ ಹಿಂದೆ ಇದ್ದ. ಆ ಕೆಂಪು ಇಡೀ ಚರ್ಚಿನ ಉದ್ದಕ್ಕೆ ಹರಿದು ಬಲಿಪೀಠದ ಬುಡ ಮುಟ್ಟಿತ್ತು. ಅಂಥ ಬೆಳಕನ್ನು ನಾನು ಯಾವ ಚರ್ಚಿನಲ್ಲೂ ನೋಡಿರಲಿಲ್ಲ. ಚೆಂದ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಯಜಮಾನರು ನನ್ನ ಪಕ್ಕ ನಿಂತು ಕಾಲ ಕೆಳಗಿನ ಕೆಂಪನ್ನು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು, "ನಡಿ, ಹೋಗೋಣ" ಅಂದರು.