ಚನ್ನಪಟ್ಟಣದ ಎರಡು ಅತ್ತರು

ತಮ್ಮನ ತಿಥಿಗೆ ಎರಡು ದಿನ ಇರುವಾಗ ನಾನೂ ಅವನ ಹೆಂಡತಿ ಜಯಮ್ಮನೂ ರಾಮನಗರದಲ್ಲಿ ಚನ್ನಪಟ್ಟಣದ ಬಸ್ಸು ಹತ್ತಿದೆವು. ದಾರಿ ಹನ್ನೆರಡು ಕಿಲೋಮೀಟರಿನಷ್ಟು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಆದರೆ ಕೂರುವುದಕ್ಕೆ ಸೀಟಿಲ್ಲ. ನಿಂತೇ ಹೋದೆವು. ಮೋಡ ಕವಿದು ಬೆಟ್ಟಗಳು ಕಾಣುತ್ತಿರಲಿಲ್ಲ. ನೋಡುವ ಮನಸ್ಸೂ ನನಗಿರಲಿಲ್ಲ.

ಹೊರಟದ್ದು ಒಂದು ಶೀಸೆ ಅತ್ತರಿಗೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ತಿಥಿಯ ದಿನ ಎಡೆಗೆ ಇಡುವುದು ನಮ್ಮ ಪದ್ಧತಿ. ಗಂಡ ಹೆಂಡತಿ ಇಬ್ಬರೂ ರೇಷ್ಮೆ ನೂಲು ಬಿಚ್ಚುವವರು. ಗೂಡು ಬೇಯಿಸಿದ ನಾತ ಮೈಗೆ ಹತ್ತುತ್ತದೆಂದು ತಮ್ಮ ಸಂಜೆ ಮಿಂದು ಅತ್ತರು ಹಚ್ಚದೆ ಹೊಸ್ತಿಲು ದಾಟಿದವನಲ್ಲ. ಅವನ ಹಳೆಯ ಶೀಸೆ ಇದ್ದಿದ್ದರೆ ಈ ತಾಪತ್ರಯವೇ ಇರಲಿಲ್ಲ. ಮಣ್ಣು ಮಾಡುವಾಗ, ಅವನದು ಅವನ ಜೊತೆಗೇ ಹೋಗಲಿ ಎಂದು ಯಾರೋ ಅಂದರು, ಜೇಬಿಗಿಟ್ಟು ಕಳಿಸಿಬಿಟ್ಟೆವು. ಅಷ್ಟು ಜನರಲ್ಲಿ ಒಬ್ಬರಿಗಾದರೂ ಎಡೆಯ ನೆನಪು ಬರಬೇಡವೇ!

ಅವನು ಕೊಳ್ಳುತ್ತಿದ್ದ ಅಂಗಡಿ ಪೇಟೆಯ ಒಂದು ಸಂದಿಯಲ್ಲಿತ್ತು. ಅಂಗಡಿಯ ಸಾಬರು ಸಾವಿನ ಸುದ್ದಿ ಕೇಳಿ ಕೈಲಿದ್ದ ಕೆಲಸ ಬಿಟ್ಟು ಎದ್ದು ಬಂದರು. ಆಮೇಲೆ ಎರಡು ಶೀಸೆ ತೆಗೆದಿಟ್ಟರು. ಒಂದು ಗಂಧಕ್ಕೆ ಲಾವಂಚ ಸೇರಿಸಿದ್ದು, ಇನ್ನೊಂದು ದೇವದಾರುವಿಗೆ ದವನ. ಎರಡೂ ಗಂಡಸರು ಹಚ್ಚುವ ಮರದ ವಾಸನೆಯವೇ. ಇವೆರಡರಲ್ಲಿ ಒಂದು ಅನ್ನುವುದಷ್ಟೇ ಅವರಿಗೆ ನೆನಪಿತ್ತು. ನನ್ನ ಎರಡು ಕೈಗೂ ಒಂದೊಂದನ್ನು ಸವರಿ, ಎರಡರ ಗುಣವನ್ನೂ ನಿಧಾನವಾಗಿ ಹೇಳಿದರು.

ನಾನು ಹಬ್ಬಕ್ಕೊಮ್ಮೆ ಮಾಗಡಿ ಕಡೆಯಿಂದ ಬಂದು ಹೋಗುವವಳು. ಒಂದು ಸಲ ಇದು ಅನ್ನಿಸಿತು, ಮತ್ತೊಂದು ಸಲ ಅದು. ಕಟ್ಟಿಕೊಂಡವಳಿಗೆ ಗೊತ್ತಿರದೆ ಇರುತ್ತದೆಯೇ ಎಂದು ಎರಡೂ ಕೈಯನ್ನು ಜಯಮ್ಮನ ಮೂಗಿಗೆ ಹಿಡಿದೆ. ಮೂಸಿದಳು, ಮತ್ತೆ ಮೂಸಿದಳು, ಸುಮ್ಮನೆ ನಿಂತಳು. ದುಃಖ ಎಂದು ಗೊತ್ತಿದ್ದೂ ನನಗೆ ರೇಗಿತು. ತಪ್ಪಾದದ್ದನ್ನು ಇಟ್ಟರೆ ಅವನು ಎಡೆ ಮುಟ್ಟುತ್ತಾನೇನೇ, ಬಾಯಿ ಬಿಟ್ಟು ಹೇಳಬಾರದೇ ಎಂದು ಗದರಿಕೊಂಡೆ. ಕೊನೆಗೆ ಅವಳು ಗಂಧದ ಶೀಸೆಗೆ ಬೆರಳು ತೋರಿಸಿದಳು. ಸದ್ಯ, ಬಂದ ಕೆಲಸವಾಯಿತು ಎಂದುಕೊಂಡೆ. ಒಂದೊಂದು ಕಾಫಿ ಕುಡಿದು ಬಸ್ ನಿಲ್ದಾಣಕ್ಕೆ ನಡೆದೆವು.

ವಾಪಸು ಬರುವಾಗ ಸೀಟು ಸಿಕ್ಕಿತು. ತುಂತುರು ಹಿಡಿದಿತ್ತು. ರಾಮನಗರ ಹತ್ತಿರವಾದಾಗ ಜಯಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಅಕ್ಕಾ, ನಂಗೆ ವಾಸ್ನೆ ತಿಳಿಯಾಕಿಲ್ಲ. ಆ ಬಿಸ್ನೀರಿನ ಹಬೆ ಮುಂದೆ ಕುಂತು ಕುಂತು ಮೂಗು ಯಾವತ್ತೋ ಸತ್ತೋಯ್ತು. ಅವ್ರು ದಿನಾ ಹಚ್ಕಂಡು ಮುಂದೆ ಬಂದು ನಿಂತು, ಹೆಂಗೈತೆ ಅನ್ನೋರು. ಚೆನ್ನಾಗೈತೆ ಅಂತಿದ್ದೆ. ನಂಗೆ ತಿಳಿಯಾಕಿಲ್ಲ ಅಂದ್ರೆ ಅವ್ರು ಹಚ್ಕಳೋದಾದ್ರೂ ಯಾರಿಗೆ?"

ಚೀಲದಿಂದ ಶೀಸೆ ತೆಗೆದೆ. ಹಾಗಾದರೆ ಈ ಶೀಸೆಯನ್ನೇ ಯಾಕೆ ತೋರಿಸಿದೆ ಎಂದು ಕೇಳಿದೆ.

"ಇದು ಮೈಮ್ಯಾಲೆ ಒಸಿ ಜಾಸ್ತಿ ಹೊತ್ತು ಇರ್ತದೆ ಅಂದ್ರಲ್ಲಾ ಸಾಬ್ರು," ಅಂದಳು. "ಅದ್ಕೆ."