ಸೋಮವಾರ ತಿಕ್ಕಿದ ಪದಕ

ನನಗೆ ಹಳೆಯ ಫ್ರೆಂಚ್ ಪದಕಗಳ ಹುಚ್ಚು. ಗೋಕಾಕದಲ್ಲಿ ಕೂತು ಫ್ರಾನ್ಸಿನ ಪದಕ ಕೂಡಿಡುವವಳನ್ನು ಜನ ಹೇಗೆ ನೋಡುತ್ತಾರೆಂದು ಹೇಳಬೇಕಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನಾದ್ದರಿಂದ ಹುಚ್ಚಿಗೊಂದು ನೆಪವಾದರೂ ಇದೆ. ಯುದ್ಧದ ಪದಕಗಳೂ ನನ್ನ ಹತ್ತಿರ ಇವೆ, ಎರಡು ಕತ್ತಿ ಅಡ್ಡಹಾಯ್ದ ಕಂಚಿನ ಶಿಲುಬೆಗಳು. ಆದರೆ ಜೀವವೆಲ್ಲ ಒಂದು ಬೆಳ್ಳಿ ಬಿಲ್ಲೆಯ ಮೇಲೆ. ಬಹಳ ವರ್ಷ ದುಡಿದ ಕೆಲಸಗಾರರಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ ಗೌರವ ಪದಕ ಅದು. ಮುಂದೆ ಒಬ್ಬ ಹೆಣ್ಣಿನ ಮುಖ, ಹಿಂದೆ ದುಡಿದವನ ಹೆಸರು. ಮೂಡಲಗಿಯ ಸಂತೆಯಲ್ಲಿ ಹಳೆ ತಾಮ್ರ ಹಿತ್ತಾಳೆ ಮಾರುವವನ ಬುಟ್ಟಿಯಲ್ಲಿ ಸಿಕ್ಕಿತು. ಅಲ್ಲಿಗೆ ಹೇಗೆ ಬಂತೋ, ಶಿವನೇ ಬಲ್ಲ.

ನನ್ನ ಅಪ್ಪ ಮೂವತ್ತು ವರ್ಷ ಕಾಳುಕಡಿಯ ಅಡತಿ ಅಂಗಡಿಯೊಂದರಲ್ಲಿ ದುಡಿದವನು. ಚೀಲಗಳ ಮೇಲೆ ಕರಿ ಬಣ್ಣದಲ್ಲಿ ವ್ಯಾಪಾರಿಗಳ ಇಂಗ್ಲಿಷ್ ಮಾರ್ಕು ಬರೆಯುವ ಕೆಲಸ. ಅವನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಚೀಟಿಯನ್ನು ಒಮ್ಮೆ ನೋಡಿ, ಚಿತ್ರ ಬಿಡಿಸಿದಂತೆ ಬಿಡಿಸುತ್ತಿದ್ದ. ಕೆಲಸ ಬಿಟ್ಟ ದಿನ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕಳಿಸಿದರು. ದುಡಿದವನ ಹೆಸರನ್ನು ಬೆಳ್ಳಿಯಲ್ಲಿ ಕೊರೆದು ಕೊಡುವ ದೇಶವೂ ಇದೆಯೆಂದು ತಿಳಿದಾಗ ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

ಅಪ್ಪ ಪ್ರತಿ ಸೋಮವಾರ ತನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ವಿಭೂತಿ ಪುಡಿಯಿಂದ ತಿಕ್ಕಿ ಬೆಳಗುತ್ತಾನೆ. ಆ ಪದಕವನ್ನೂ ಅದರ ಜೊತೆ ಸೇರಿಸಿಕೊಂಡ. ಕಾಲೇಜಿಗೆ ಓಡುವ ಗಡಿಬಿಡಿಯಲ್ಲಿ ನಾನು ವರ್ಷಗಟ್ಟಲೆ ಗಮನಿಸಲಿಲ್ಲ. ಸಂಗ್ರಾಹಕರಿಗೆ ಪದಕ ಕಪ್ಪಾಗಿದ್ದಷ್ಟೂ ಪ್ರೀತಿ. ನಮ್ಮ ಮನೆಯಲ್ಲಿ ಕಪ್ಪಾದ ಬೆಳ್ಳಿ ಎಂದರೆ ಮೈಗಳ್ಳರ ಲಕ್ಷಣ.

ಹೋದ ವರ್ಷ ಅಂತರ್ಜಾಲದ ಗುಂಪೊಂದರಲ್ಲಿ, ಕೊಂಡ ದಿನ ತೆಗೆದಿದ್ದ ಅದರ ಮುಂಭಾಗದ ಫೋಟೊ ಹಾಕಿದೆ. ಫ್ರಾನ್ಸಿನಿಂದ ಒಬ್ಬ ಹೆಂಗಸು ಬರೆದಳು. ತನ್ನ ಅಜ್ಜನಿಗೂ ಇಂಥದೇ ಪದಕ ಬಂದಿತ್ತು, ಅದು ಮನೆಯಿಂದ ಕಳೆದುಹೋಗಿದೆ, ಇದರ ಹಿಂದೆ ಯಾರ ಹೆಸರಿದೆ ಎಂದು ಕೇಳಿದ್ದಳು. ಅಜ್ಜನ ಹೆಸರನ್ನು ಮಾತ್ರ ಬರೆದಿರಲಿಲ್ಲ. ಹೆಸರು ಗೊತ್ತಾದರೆ ಅದೇ ಇದೆಯೆಂದು ಸುಳ್ಳು ಹೇಳಿ ಮಾರುವವರು ಬಹಳ, ಪಾಪ.

ಪದಕವನ್ನು ಹೊರತೆಗೆದು ತಿರುಗಿಸಿ ನೋಡಿದೆ. ಹಿಂಭಾಗ ನುಣ್ಣಗೆ ಹೊಳೆಯುತ್ತಿತ್ತು. ಕೊನೆಯ ಎರಡು ಅಕ್ಷರಗಳ ನೆರಳಷ್ಟೇ ಉಳಿದಿತ್ತು.

"ಏನ ಮಾಡಿದ್ಯೋ ಯಪ್ಪಾ! ಹೆಸರನ್ನ ತಿಕ್ಕಿ ತಗದ್ಯಲ್ಲ! ಯಾರ ಹೇಳಿದ್ರು ನಿನಗ?" ಎಂದು ಕೂಗಾಡಿದೆ.

"ದುಡದಾವಂದು ಅಂತ ನೀನಽ ಹೇಳಿದ್ದೆಲ್ಲವಾ. ಕರ್ರಗ ಹೆಂಗ ಇಡೂದು?" ಅಂದ ಅಪ್ಪ. ಆಮೇಲೆ ಪದಕದ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಎರಡು ಸೋಮವಾರ ಅಡುಗೆಮನೆಯ ಮೂಲೆಯಲ್ಲಿ ನನಗೆ ಬೆನ್ನು ಮಾಡಿ ಕೂತು ಕರಡಿಗೆ ತಿಕ್ಕಿದ.

ಸಿಟ್ಟು ಇದ್ದದ್ದು ನನ್ನ ಮೇಲೆಯೇ. ಹೆಸರಿಗಾಗಿ ಕೊಂಡ ಪದಕದ ಹೆಸರನ್ನು ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಕೊಂಡ ದಿನ ಒಮ್ಮೆ ಓದಿದ್ದೆ, ನಾಲಿಗೆಗೆ ಹತ್ತಲಿಲ್ಲ, ಮರೆತೆ. ಇತಿಹಾಸ ಕಲಿಸುವವಳಂತೆ, ಥೂ!

ಹುಕ್ಕೇರಿಗೆ ಹೋಗಿ ಪರಿಚಯದ ಅಕ್ಕಸಾಲಿಗನಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ನೋಡಿ, "ಅಕ್ಕಾರ, ಸವದ ಹೋಗೇತ್ರಿ. ಹೆಸರ ಹೇಳ್ರಿ, ಹೊಸದಾಗಿ ಕೊರದ ಕೊಡತೇನಿ," ಅಂದ. ಹೇಳಲು ನನಗೆ ಗೊತ್ತಿದ್ದರಲ್ಲವೇ!

ಮರುದಿನ ಮತ್ತೆ ಸೋಮವಾರ. ವಿಭೂತಿಯ ತಟ್ಟೆಯನ್ನು ನಾನೇ ತಂದು ಅಪ್ಪನ ಮುಂದಿಟ್ಟು ಕೂತೆ. ಆ ಹೆಂಗಸಿನ ವಿಷಯ ಅವನಿಗೆ ಹೇಳಿರಲೇ ಇಲ್ಲ, ಬರೀ ಬೈದಿದ್ದೆ. ಈಗ ಎಲ್ಲ ಹೇಳಿದೆ.

"ಅಯ್ಯ, ಇದಕ್ಕೇನವಾ! ಮೊದಲಽ ಕೇಳಬಾರದೇನ?" ಅಂದ. ತಟ್ಟೆಯ ಪುಡಿಯನ್ನು ಅಂಗೈಯಿಂದ ಸಮ ಮಾಡಿ, ತೋರುಬೆರಳಿನಿಂದ ಎಳೆಯತೊಡಗಿದ. ಒಂದು ಕಂಬ, ಅದಕ್ಕೊಂದು ಬಾಗಿದ ಹೊಟ್ಟೆ. ಒಂದು ಬಳೆ. ಒಂದು ಮೂರು ಹಲ್ಲಿನ ಬಾಚಣಿಕೆ. ಹೀಗೆ ಪೂರ್ತಿ ಹೆಸರು. "ಮೂವತ್ತ ವರ್ಷ ಮಾರ್ಕಾ ಬರದಾವ ನಾ. ಇಂಗ್ಲಿಷ ಓದಾಕ ಬರೂದಿಲ್ಲ ಖರೆ, ಕಣ್ಣಿಗೆ ಬಿದ್ದದ್ದ ಮರಿಯೂದಿಲ್ಲ."

ಕೊನೆಯ ಎರಡು ಅಕ್ಷರಗಳನ್ನು ಪದಕದಲ್ಲಿ ಉಳಿದ ನೆರಳಿಗೆ ಹೋಲಿಸಿದೆ. ಅವೇ. ನನಗೆ ಅಳು ತಡೆಯಲಾಗಲಿಲ್ಲ. "ತಪ್ಪಾತ ಯಪ್ಪಾ," ಅಂದೆ.

ಹೆಸರು ಬರೆದು ಕಳಿಸಿದೆ, ಅದು ಹೇಗೆ ಸಿಕ್ಕಿತೆಂಬುದನ್ನೂ ಬರೆದೆ. ಮೂರು ದಿನಕ್ಕೆ ಉತ್ತರ ಬಂತು. ತನ್ನ ಅಜ್ಜನ ಹೆಸರು ಅದಲ್ಲವಂತೆ. ನಿಮ್ಮ ತಂದೆಗೆ ನಮಸ್ಕಾರ ತಿಳಿಸಿ ಎಂದಿದ್ದಳು.

"ಇನ್ನೂ ಹುಡಕಬೇಕಲ್ಲ ಆ ತಾಯಿ," ಎಂದು ಅಪ್ಪ ಬಹಳ ಮರುಗಿದ.

ಪೆಟ್ಟಿಗೆಯ ಮುಚ್ಚಳದ ಮೇಲೆ ಆ ಹೆಸರನ್ನು ಅಪ್ಪನಿಂದಲೇ ಬರೆಸಿದೆ. ಚೀಲಕ್ಕೆ ಬರೆಯುತ್ತಿದ್ದ ಹಳೆಯ ಕುಂಚ, ಅಂಥದೇ ಕರಿ ಬಣ್ಣ. ಒಂದೇ ಉಸಿರಿನಲ್ಲಿ ಬರೆದು ಮುಗಿಸಿ, ಕುಂಚ ಒರೆಸಲು ಬಟ್ಟೆ ತೆಗೆದುಕೊಂಡ.

"ಕೆಳಗ ನಿನ್ನ ಹೆಸರೂ ಬರಿಯಪಾ," ಅಂದೆ.

"ನಂದ್ಯಾಕ? ಮಾಲ ಅವಂದು."

ನಾನು ಪೆಟ್ಟಿಗೆಯನ್ನು ಅವನ ತೊಡೆಯ ಮೇಲಿಂದ ಎತ್ತಿಕೊಳ್ಳಲಿಲ್ಲ. ಅಪ್ಪ ಮತ್ತೆ ಕುಂಚ ಅದ್ದಿ, ಕನ್ನಡದಲ್ಲಿ, ಒಂದೊಂದೇ ಅಕ್ಷರ ಬರೆದ. ಮೂವತ್ತು ವರ್ಷ ಊರವರ ಮಾರ್ಕು ಬರೆದ ಕೈ, ತನ್ನ ಹೆಸರನ್ನು ಕುಂಚದಿಂದ ಬರೆದದ್ದು ಅದೇ ಮೊದಲು.